ಮೂರು ಪ್ಯಾನಲಿಗೆ ಎಷ್ಟು ಆಂಪಿಯರಿನ ಚಾರ್ಜ್ ಕಂಟ್ರೋಲರ್? ಪೆರ್ಲದ ತೋಟದ ಮನೆಯೊಂದರ ಲೆಕ್ಕ

ಸೋಲಾರ್ ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆಯೇ ಚಾರ್ಜ್ ಕಂಟ್ರೋಲರ್. ಗೋಡೆಯಿಂದ ಕಳಚಿದ ಹಳೆಯ ಕಂಟ್ರೋಲರಿನಲ್ಲಿ ಪ್ಯಾನಲ್ ಕಡೆಯ ನೆಗೆಟಿವ್ ಟರ್ಮಿನಲ್ ಕರಗಿ ಹೋಗಿತ್ತು. ಹಸಿರು ಪ್ಲಾಸ್ಟಿಕ್ ಮೊದಲು ಕಂದಾಗಿ, ಆಮೇಲೆ ಬೆಲ್ಲದ ಪಾಕದ ಹಾಗೆ ಕೆಳಗಿಳಿದು ಗಟ್ಟಿಯಾಗಿತ್ತು. ಒಳಗಿನ ತಿರುಪು ಒಂದು ಬದಿಗೆ ವಾಲಿತ್ತು. ವಯರಿನ ತುದಿಯ ತಾಮ್ರ ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಅದರ ಮುಖದ ಮೇಲೆ ದೊಡ್ಡದಾಗಿ 20 ಆಂಪಿಯರ್ ಎಂದು ಬರೆದಿತ್ತು.

ಪ್ಯಾನಲಿನ ಹಿಂಬದಿಯ ಲೇಬಲ್ ಓದಿದರೆ ಕಾರಣ ಅಲ್ಲೇ ಸಿಕ್ಕಿತು. 335 ವ್ಯಾಟಿನ 72 ಸೆಲ್ಲಿನ ಮೂರು ಪ್ಯಾನಲ್. ಒಂದೊಂದರ ವಿಒಸಿ, ಅಂದರೆ ಏನೂ ಜೋಡಿಸದಿರುವಾಗಿನ ವೋಲ್ಟೇಜ್ 45.8. ವಿಎಂಪಿ, ಅಂದರೆ ಪೂರ್ತಿ ಕೆಲಸ ಮಾಡುವಾಗಿನ ವೋಲ್ಟೇಜ್ 37.5. ಶಾರ್ಟ್ ಸರ್ಕ್ಯೂಟ್ ಕರೆಂಟ್, ಅಂದರೆ ಪ್ಲಸ್ ಮೈನಸ್ ನೇರ ಸೇರಿಸಿದರೆ ಹರಿಯುವ ಕರೆಂಟ್ 9.3 ಆಂಪಿಯರ್. ಮೂರನ್ನೂ ಪ್ಯಾರಲಲ್ ಕೊಟ್ಟಿದ್ದರು, ಪ್ಲಸ್ಸೆಲ್ಲ ಒಟ್ಟಿಗೆ, ಮೈನಸ್ಸೆಲ್ಲ ಒಟ್ಟಿಗೆ. ಹಾಗೆ ಕೊಟ್ಟರೆ ಕರೆಂಟ್ ಕೂಡುತ್ತದೆ. ಮೂರು 9.3 ಸೇರಿದರೆ 27.9 ಆಂಪಿಯರ್. ಹಳೆಯದು ಪಿಡಬ್ಲ್ಯುಎಂ ಜಾತಿಯದ್ದು. ಅದು ಪ್ಯಾನಲನ್ನು ಬ್ಯಾಟರಿಗೆ ನೇರ ಜೋಡಿಸಿ ಬಿಡಿಸಿ ಮಾಡುವ ಸ್ವಿಚ್ಚಿನ ಹಾಗೆ. ಬರುವ ಕರೆಂಟನ್ನು ತಾನಾಗಿ ತಗ್ಗಿಸುವ ಶಕ್ತಿ ಅದಕ್ಕಿಲ್ಲ. 20ರ ದಾರಿಯಲ್ಲಿ ಫೆಬ್ರವರಿ, ಮಾರ್ಚ್‌ನ ಬಿಸಿಲಿಗೆ ದಿನಕ್ಕೆ ಮೂರು ನಾಲ್ಕು ಗಂಟೆ 25ರ ಮೇಲೆ ಹರಿದರೆ, ಮೊದಲು ಸೋಲುವುದು ತಿರುಪಿನ ಜಾಗವೇ.

ಪಿಡಬ್ಲ್ಯುಎಂ ಕೊಳ್ಳುವಾಗ ಮಾಡಬೇಕಾದ ಲೆಕ್ಕ ಒಂದೇ ಸಾಲಿನದು: ಪ್ಯಾರಲಲ್ ಇರುವ ಎಲ್ಲ ಪ್ಯಾನಲ್‌ಗಳ ಶಾರ್ಟ್ ಸರ್ಕ್ಯೂಟ್ ಕರೆಂಟ್ ಕೂಡಿಸಿ, 1.25ರಿಂದ ಗುಣಿಸಬೇಕು. ಇಲ್ಲಿ 27.9 ಗುಣಿಸು 1.25, ಹತ್ತಿರ ಹತ್ತಿರ 35. ಹಾಗಾಗಿ 40 ಆಂಪಿಯರಿನದ್ದು ಬೇಕಿತ್ತು. ಆ ಕಾಲುಭಾಗ ಹೆಚ್ಚುವರಿ ಏಕೆಂದರೆ ಲೇಬಲಿನ ಅಂಕೆ ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿಗೆ ಬರೆದದ್ದು. ಮಳೆ ಬಿಟ್ಟು ಮೋಡ ಒಡೆದ ಕೂಡಲೇ, ಬಿಳಿ ಮೋಡದ ಅಂಚಿನಿಂದಲೂ ಬೆಳಕು ತಿರುಗಿ ಬಂದು, ಕೆಲವು ನಿಮಿಷ ಅದಕ್ಕಿಂತ ಹೆಚ್ಚು ಬಿಸಿಲು ಬೀಳುತ್ತದೆ. ನಮ್ಮ ಕಡೆ ಜೂನಿನಿಂದ ಅಕ್ಟೋಬರ್ ವರೆಗೆ ಇದು ದಿನನಿತ್ಯದ ಮಾತು.

ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎಣ್ಮಕಜೆಯ ಕಡೆ. ಕೆಳಗೆ ಅಡಿಕೆ ತೋಟ, ಮೇಲೆ ಮುರಕಲ್ಲಿನ ಗುಡ್ಡ. ಪ್ಯಾನಲ್‌ಗಳು ದನದ ಹಟ್ಟಿಯ ಶೀಟಿನ ಮೇಲೆ, ಇನ್ವರ್ಟರ್ ಮನೆಯೊಳಗೆ, ನಡುವೆ ಕೇಬಲ್ ದಾರಿ 18 ಮೀಟರ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ ಒಂದೆರಡು ದಿನ ಕರೆಂಟಿಲ್ಲದೆ ಕಳೆಯಬೇಕಾದ ಜಾಗ. ಬ್ಯಾಟರಿ 12 ವೋಲ್ಟ್, 150 ಎಎಚ್‌ನ (ಆಂಪಿಯರ್ ಅವರ್) ಎರಡು ಟ್ಯೂಬ್ಯುಲರ್. ಸೀರೀಸಿನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕೊಟ್ಟು ವೋಲ್ಟ್ ಕೂಡಿಸಿದರೆ, 24 ವೋಲ್ಟ್.

ಹೊಸ ಕಂಟ್ರೋಲರಿಗೆ ಅಂಗಡಿಗೆ ಹೋಗುವ ಮೊದಲು ಖರ್ಚಿನ ಲೆಕ್ಕ ಹಾಕಿದೆವು. 9 ವ್ಯಾಟಿನ ಆರು ಬಲ್ಬ್ ನಾಲ್ಕು ಗಂಟೆ, 216 ವ್ಯಾಟ್ ಅವರ್. 30 ವ್ಯಾಟಿನ ಮೂರು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ, 720. ಫೈಬರ್ ಮೋಡೆಮ್ ಮತ್ತು ರೂಟರ್ ಸೇರಿ 15 ವ್ಯಾಟ್, ಹಗಲೂ ರಾತ್ರಿ, 360. ಲ್ಯಾಪ್‌ಟಾಪ್ 270, ಮೊಬೈಲ್‌ಗಳಿಗೆ 50. ಒಟ್ಟು 1616. ಇನ್ವರ್ಟರಿನ ನಷ್ಟ, ಬ್ಯಾಟರಿಯೊಳಗೆ ಹೋಗಿ ಹೊರಬರುವಾಗಿನ ನಷ್ಟ ಸೇರಿಸಿದರೆ ದಿನಕ್ಕೆ 2.3 ಯೂನಿಟ್ ಆಸುಪಾಸು (1000 ವ್ಯಾಟ್ ಅವರ್ ಎಂದರೆ ಒಂದು ಯೂನಿಟ್). ಇಲ್ಲಿ ಜನ ಲೆಕ್ಕಕ್ಕೆ ಹಿಡಿಯದೆ ಬಿಡುವುದು ರೂಟರನ್ನು. ಚಿಕ್ಕದು ಎಂದು ಕಾಣುತ್ತದೆ, ಆದರೆ ಮನೆಯ ಎಲ್ಲ ಬಲ್ಬಿಗಿಂತ ಅದೇ ಹೆಚ್ಚು ತಿನ್ನುತ್ತದೆ.

ಮಳೆಗಾಲಕ್ಕೆ ದಿನಕ್ಕೆ ಮೂರೂವರೆ ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದು, ಕಾವು, ಧೂಳು, ವಯರಿನ ನಷ್ಟಕ್ಕೆ ಕಾಲುಭಾಗ ಕಳೆದೆವು. ಎರಡು ಪ್ಯಾನಲ್ ಆದರೆ 1.75 ಯೂನಿಟ್, ಸಾಲದು. ಮೂರಾದರೆ 2.6, ಸಾಕು. ಐದಾರು ದಿನ ಬಿಡದೆ ಮಳೆ ಹೊಡೆದರೆ ಇದೂ ಸಾಲದು, ಆಗ ಲೈನ್ ಕರೆಂಟೇ ಗತಿ. ಹಾಗಾಗಿ ಮೂರೂ ಪ್ಯಾನಲ್ ಉಳಿಯಬೇಕು, 1005 ವ್ಯಾಟಿಗೆ ಕಂಟ್ರೋಲರ್ ಹುಡುಕಬೇಕು ಎಂದಾಯಿತು.

ಹುಡುಕುವ ಮೊದಲು ಪ್ಯಾನಲ್ ಅಳೆದೆವು. ಲೇಬಲನ್ನು ನಂಬಿ ಕಂಟ್ರೋಲರ್ ಕೊಳ್ಳುವುದು ಸರಿಯಲ್ಲ, ಮುಖ್ಯವಾಗಿ ಪ್ಯಾನಲ್ ಹಳತಾಗಿದ್ದರೆ. ಬೆಳಿಗ್ಗೆ 11ಕ್ಕೆ, ಮೂರನ್ನೂ ಬಿಡಿಸಿ, ಮಲ್ಟಿಮೀಟರಿನಲ್ಲಿ ಒಂದೊಂದರ ಓಪನ್ ವೋಲ್ಟೇಜ್ ನೋಡಿದರೆ ಒಂದು 41.7, ಇನ್ನೊಂದು 41.5, ಮೂರನೆಯದು 27.9. ಮೊದಲಿನ ಎರಡು ಸರಿಯಾಗಿವೆ. ಲೇಬಲಿನಲ್ಲಿ 45.8 ಇರುವುದು ಸೆಲ್ 25 ಡಿಗ್ರಿಯಲ್ಲಿರುವಾಗ. ಬಿಸಿಲಿಗೆ ಸೆಲ್ 55 ಡಿಗ್ರಿಗೆ ಏರಿದರೆ, ಡಿಗ್ರಿಗೆ ಶೇಕಡಾ 0.31ರಂತೆ 30 ಡಿಗ್ರಿಗೆ ಶೇಕಡಾ 9 ಇಳಿಯುತ್ತದೆ, 41.5 ಬರಲೇಬೇಕು. ಮೂರನೆಯದು ಮಾತ್ರ ಸರಿಯಾಗಿ ಮೂರನೇ ಎರಡು ಭಾಗಕ್ಕೆ ನಿಂತಿದೆ. ಹೀಗೆ ಸರಿಯಾಗಿ ಮೂರನೇ ಒಂದು ಭಾಗ ಕಡಿಮೆ ಕಂಡರೆ ಹೆಚ್ಚಾಗಿ ಸೆಲ್ ಕೆಟ್ಟದ್ದಲ್ಲ, ಬೈಪಾಸ್ ಡಯೋಡ್, ಅಂದರೆ ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಕೊಡುವ ಬಿಡಿಭಾಗ, ಶಾರ್ಟ್ ಆಗಿರುತ್ತದೆ. 72 ಸೆಲ್ಲಿನ ಪ್ಯಾನಲಿನಲ್ಲಿ 24 ಸೆಲ್ಲಿಗೊಂದರಂತೆ ಮೂರು ಡಯೋಡ್ ಇರುತ್ತವೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ಮೊದಲು ಹೋಗುವುದು ಇವೇ.

ಜಂಕ್ಷನ್ ಬಾಕ್ಸ್ ಬಿಚ್ಚಿದರೆ ನಡುವಿನ ಡಯೋಡಿನ ಮೈ ಸೀಳಿತ್ತು. ಬಾಕ್ಸಿನೊಳಗೆ ಸಿಲಿಕೋನ್ ತುಂಬಿರಲಿಲ್ಲವಾದ್ದರಿಂದ ಬೆಸುಗೆ ಬಿಡಿಸಿ 15 ಆಂಪಿಯರ್, 45 ವೋಲ್ಟಿನ ಶಾಟ್ಕಿ ಡಯೋಡ್ ಹಾಕಲು ಬಂತು. ಹಾಕುವಾಗ ಪಕ್ಕದ ಡಯೋಡಿನ ಗೆರೆ ಯಾವ ಕಡೆಗಿದೆಯೋ ಅದೇ ಕಡೆಗೆ ಗೆರೆ ಬರಬೇಕು. ಪ್ಯಾನಲಿನ ಮುಖಕ್ಕೆ ಗೋಣಿ ಮುಚ್ಚಿ ಬೆಸುಗೆ ಹಾಕಬೇಕು. ಆಮೇಲೆ ಅಳೆದರೆ 41.6. ಡಯೋಡ್ ಹೋದ ಮೇಲೆ ಈ ಪ್ಯಾನಲ್ ಪ್ಯಾರಲಲಿನಲ್ಲಿ ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು. 27.9 ವೋಲ್ಟಿನ ಪ್ಯಾನಲ್ 27 ವೋಲ್ಟಿನ ಬ್ಯಾಟರಿಗೆ ಏನನ್ನು ತಾನೇ ಕೊಟ್ಟೀತು.

ಇನ್ನು ಕಂಟ್ರೋಲರ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಷ್ಟು ಆಂಪಿಯರಿನದ್ದು ಬೇಕು ಎಂದು. ಪ್ಯಾನಲಿನ ಹೆಚ್ಚಿನ ವೋಲ್ಟನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಇಳಿಸಿ ಕರೆಂಟ್ ಹೆಚ್ಚಿಸಿ ಕೊಡುವ ಜಾತಿಯದ್ದು ಎಂಪಿಪಿಟಿ. ಅಂಥ ಕಂಟ್ರೋಲರಿಗೆ ಮೊದಲು ಕೇಳಬೇಕಾದದ್ದು ವೋಲ್ಟ್. ಒಳ್ಳೆಯ ಕಂಪೆನಿಗಳು ಹೆಸರಿನಲ್ಲೇ ಎರಡನ್ನೂ ಬರೆಯುತ್ತವೆ: ವಿಕ್ಟ್ರಾನ್‌ನ 100/30 ಎಂದರೆ ಪ್ಯಾನಲ್ ಕಡೆ ಹೆಚ್ಚೆಂದರೆ 100 ವೋಲ್ಟ್, ಬ್ಯಾಟರಿ ಕಡೆ ಹೆಚ್ಚೆಂದರೆ 30 ಆಂಪಿಯರ್. ಈ ಎರಡು ಅಂಕೆಗಳ ಸ್ವಭಾವ ಬೇರೆ ಬೇರೆ. ಆಂಪಿಯರ್ ಸ್ವಲ್ಪ ಕಡಿಮೆ ಬಿದ್ದರೆ ಎಂಪಿಪಿಟಿ ತನ್ನ ಮಿತಿಯಲ್ಲಿ ನಿಂತು ಉಳಿದದ್ದನ್ನು ಬಿಟ್ಟುಬಿಡುತ್ತದೆ, ನಷ್ಟವಾಗುವುದು ಮಧ್ಯಾಹ್ನದ ಒಂದಷ್ಟು ವ್ಯಾಟ್ ಮಾತ್ರ. ವೋಲ್ಟ್ ಮೀರಿದರೆ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಒಂದೇ ಕ್ಷಣದಲ್ಲಿ ಸುಡಬಹುದು. ಅದಕ್ಕೆ ವಾರಂಟಿಯೂ ಸಿಗುವುದಿಲ್ಲ.

ವೋಲ್ಟಿನ ಲೆಕ್ಕಕ್ಕೆ ಮೊದಲು ಪ್ಯಾನಲ್ ಹೇಗೆ ಜೋಡಿಸುವುದು ಎಂದು ತೀರ್ಮಾನ ಆಗಬೇಕು. ಮೂರೂ ಪ್ಯಾರಲಲ್ ಉಳಿಸಿದರೆ ವಿಒಸಿ 46, ಯಾವ ಕಂಟ್ರೋಲರಿಗೂ ಭಯವಿಲ್ಲ. ಆದರೆ ಎರಡು ಕಷ್ಟ. ಒಂದು, ವಯರ್. 4 ಚದರ ಮಿ.ಮೀ. ಡಿಸಿ ಕೇಬಲಿಗೆ ಕಿಲೋಮೀಟರಿಗೆ 5.1 ಓಮ್ ಹತ್ತಿರ. ಹೋಗಿ ಬರುವ 36 ಮೀಟರಿಗೆ 0.18 ಓಮ್. ಕೆಲಸ ಮಾಡುವಾಗ ಒಂದು ಪ್ಯಾನಲಿನದ್ದು 8.9 ಆಂಪಿಯರ್ (335 ಭಾಗಿಸು 37.5). ಪ್ಯಾರಲಲಿನ 26.7 ಆಂಪಿಯರಿಗೆ 4.9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 37.5ರಲ್ಲಿ ಶೇಕಡಾ 13. ಸೀರೀಸ್ ಕೊಟ್ಟರೆ ಅದೇ ಕೇಬಲಿನಲ್ಲಿ 8.9 ಆಂಪಿಯರ್, ಬೀಳುವುದು 1.6 ವೋಲ್ಟ್, 112ರಲ್ಲಿ ಶೇಕಡಾ ಒಂದೂವರೆ. ಪ್ಯಾರಲಲ್ ಉಳಿಸಿಕೊಂಡು ಅದೇ ಮಟ್ಟಕ್ಕೆ ನಷ್ಟ ಇಳಿಸಬೇಕಾದರೆ 35 ಚದರ ಮಿ.ಮೀ. ತಾಮ್ರ ಎಳೆಯಬೇಕು.

ಎರಡನೆಯ ಕಷ್ಟ ಬೇಸಿಗೆಯದ್ದು, ಮತ್ತು ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಂಪಿಪಿಟಿಗೆ ಬ್ಯಾಟರಿಗಿಂತ ಮೇಲಿನ ವೋಲ್ಟೇಜ್ ಬೇಕು. ವಿಕ್ಟ್ರಾನ್‌ನದ್ದಾದರೆ ಶುರುವಾಗಲು ಬ್ಯಾಟರಿಗಿಂತ 5 ವೋಲ್ಟ್, ಆಮೇಲೆ ನಡೆಯಲು 1 ವೋಲ್ಟ್ ಹೆಚ್ಚು ಇರಬೇಕು. ಏಪ್ರಿಲಿನ ಮಧ್ಯಾಹ್ನ ಶೀಟಿನ ಮೇಲಿನ ಸೆಲ್ 65 ಡಿಗ್ರಿ ಮುಟ್ಟಿದರೆ 37.5ರ ವಿಎಂಪಿ 31.5ಕ್ಕೆ ಇಳಿಯುತ್ತದೆ. ಟ್ಯೂಬ್ಯುಲರ್ ಬ್ಯಾಟರಿ ತುಂಬುವ ಹಂತಕ್ಕೆ 28.8 ವೋಲ್ಟ್ ಬೇಕು, ಈಕ್ವಲೈಸ್ ಮಾಡುವಾಗ, ಅಂದರೆ ಎಲ್ಲ ಸೆಲ್‌ಗಳನ್ನು ಸಮ ಮಾಡಲು ಆಗೊಮ್ಮೆ ಹೆಚ್ಚು ವೋಲ್ಟ್ ಕೊಡುವಾಗ, 30ರ ಮೇಲೆ. ವಯರಿನಲ್ಲಿ ಹೋಗುವುದನ್ನೂ ಕಳೆದರೆ ಉಳಿಯುವುದೇನೂ ಇಲ್ಲ. 72 ಸೆಲ್ಲಿಗೇ ಹೀಗಾದರೆ 60 ಸೆಲ್ಲಿನ ಪ್ಯಾನಲನ್ನು ಒಂಟಿಯಾಗಿ 24 ವೋಲ್ಟಿಗೆ ಕೊಡುವ ಮಾತೇ ಇಲ್ಲ. ಅದರ ವಿಎಂಪಿ 31, ಬಿಸಿಲಿಗೆ 26. ಅಂಥ ಮನೆಗಳಲ್ಲಿ ಬ್ಯಾಟರಿ ಎಂದೂ ತುಂಬದೆ, ಎರಡು ವರ್ಷದಲ್ಲಿ ಪ್ಲೇಟಿಗೆ ಸಲ್ಫೇಟ್ ಹಿಡಿದು, ದೋಷ ಬ್ಯಾಟರಿ ಕಂಪೆನಿಯ ಮೇಲೆ ಬೀಳುತ್ತದೆ.

ಎರಡೆರಡು ಸೀರೀಸ್ ಮಾಡಿದರೆ 91.6 ವೋಲ್ಟ್. 100 ವೋಲ್ಟಿನ ಕಂಟ್ರೋಲರಿಗೆ ಹೊಂದುತ್ತದೆ ಎನಿಸುತ್ತದೆ. ಆದರೆ ಮೂರು ಪ್ಯಾನಲಿದ್ದರೆ ಒಂದು ಒಂಟಿಯಾಗಿ ಉಳಿಯುತ್ತದೆ. ಜೊತೆಗೆ ಕೈಪಿಡಿಯ ಸಣ್ಣ ಅಕ್ಷರ ಓದಬೇಕು. ಎಪಿವರ್ ಟ್ರೇಸರ್ 4210ಎಎನ್‌ನಂಥ ಕೆಲವು ಮಾದರಿಗಳಲ್ಲಿ 100 ವೋಲ್ಟ್ ಎಂಬುದು ಅತಿ ಕಡಿಮೆ ಉಷ್ಣತೆಗೆ ಹೇಳಿದ ಮಿತಿ, 25 ಡಿಗ್ರಿಗೆ 92 ವೋಲ್ಟ್ ಮಾತ್ರ ಎಂದು ಬರೆದಿರುತ್ತದೆ. 91.6 ಅಲ್ಲಿ ಅಂಚಿಗೆ ಕೂತ ಹಾಗೆ.

ಮೂರೂ ಸೀರೀಸ್ ಎಂದರೆ 137.4 ವೋಲ್ಟ್. 150ರ ಕಂಟ್ರೋಲರ್ ಬೇಕು. ಇಲ್ಲಿ ಚಳಿಯ ಲೆಕ್ಕ ಬರುತ್ತದೆ: ಸೆಲ್ ತಣ್ಣಗಾದಷ್ಟೂ ವೋಲ್ಟ್ ಏರುತ್ತದೆ, ಅತಿ ಹೆಚ್ಚು ಬರುವುದು ಜನವರಿಯ ಬೆಳಿಗ್ಗೆ, ಮೊದಲ ಬಿಸಿಲು ತಾಗಿದ ಕೂಡಲೇ, ಕಂಟ್ರೋಲರ್ ಇನ್ನೂ ಎಳೆಯಲು ತೊಡಗದೆ ಇರುವಾಗ. ನಮ್ಮ ಒಳನಾಡಿನ ತೋಟಗಳಲ್ಲಿ ಮುಂಜಾನೆ 18ರಿಂದ 20 ಡಿಗ್ರಿ ಸಾಮಾನ್ಯ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿದ ಗಾಜು ಗಾಳಿಗಿಂತಲೂ ತಣ್ಣಗಾಗುವುದರಿಂದ ಲೆಕ್ಕಕ್ಕೆ 15 ಹಿಡಿದೆವು. 25ರಿಂದ 10 ಡಿಗ್ರಿ ಕೆಳಗೆ, ಶೇಕಡಾ 3.1, ಒಟ್ಟು 141.7 ವೋಲ್ಟ್. 150ಕ್ಕೆ ಇನ್ನೂ 8 ವೋಲ್ಟ್ ಎಡೆ ಇದೆ. ಹಿಮ ಬೀಳುವ ಊರಿನವರು ಹೇಳುವ ಶೇಕಡಾ 20, 25ರ ಹೆಚ್ಚುವರಿ ನಮಗೆ ಬೇಡ, ಆದರೆ ಸೊನ್ನೆಯೂ ಸಲ್ಲದು.

ಮುಂದೆ ಪ್ಯಾನಲ್ ಬದಲಿಸುವವರು ಇದನ್ನು ನೆನಪಿಡಬೇಕು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ 540 ವ್ಯಾಟಿನ ಪ್ಯಾನಲಿನ ವಿಒಸಿ 49.5ರ ಸುತ್ತ. ಮೂರು ಸೇರಿದರೆ 148.5. ಅಂಗಡಿಯಲ್ಲಿ 150ರೊಳಗೆ ಇದೆ ಎಂದು ಹೇಳಿ ಕೊಡುತ್ತಾರೆ. 15 ಡಿಗ್ರಿಗೆ 152 ದಾಟುತ್ತದೆ. ಅದೂ ಅಲ್ಲದೆ ಅದರ ಶಾರ್ಟ್ ಸರ್ಕ್ಯೂಟ್ ಕರೆಂಟ್ 14 ಆಂಪಿಯರ್ ಹತ್ತಿರ. ಸಣ್ಣ ಕಂಟ್ರೋಲರ್‌ಗಳಲ್ಲಿ ಪ್ಯಾನಲ್ ಕಡೆಯ ಕರೆಂಟಿಗೂ ಮಿತಿ ಇರುತ್ತದೆ, ಅದನ್ನೂ ನೋಡಬೇಕು.

ಸೀರೀಸಿಗೆ ಇರುವ ದೊಡ್ಡ ಆಕ್ಷೇಪ ನೆರಳು. ತೆಂಗಿನ ಗರಿಯ ನೆರಳು ಒಂದು ಪ್ಯಾನಲಿನ ಮೇಲೆ ಬಿದ್ದರೆ ಇಡೀ ಸಾಲು ಸೊರಗುತ್ತದೆ. ಬೈಪಾಸ್ ಡಯೋಡ್ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ನಷ್ಟ ನಷ್ಟವೇ. ಇದನ್ನು ಊಹಿಸುವ ಬದಲು ಒಂದು ದಿನ ಗಂಟೆಗೊಮ್ಮೆ ಹಟ್ಟಿಯ ಮಾಡು ನೋಡಿ ಬರೆದುಕೊಂಡೆವು. ಬೆಳಿಗ್ಗೆ 9ರ ವರೆಗೆ ಮೂಡಣ ತೆಂಗಿನ ನೆರಳು ಒಂದರ ಮೇಲೆ, ಸಂಜೆ 4ರ ಮೇಲೆ ಗುಡ್ಡದ ನೆರಳು ಮೂರರ ಮೇಲೂ. ನಡುವಿನ ಏಳು ಗಂಟೆ ಸ್ವಚ್ಛ. ಹಾಗಾಗಿ ಸೀರೀಸ್ ಸರಿ ಎಂದು ನಿರ್ಧರಿಸಿದೆವು. ನಡು ಮಧ್ಯಾಹ್ನ ಅಡಿಕೆಯ ತಲೆಯ ನೆರಳು ಅತ್ತಿತ್ತ ಆಡುವ ಜಾಗವಾದರೆ ಪ್ಯಾರಲಲನ್ನೇ ಇಟ್ಟು ದಪ್ಪ ವಯರ್ ಎಳೆಯುವುದು ಮೇಲು.

ಈಗ ಆಂಪಿಯರ್. ಕಾಗದದ ಲೆಕ್ಕ: 1005 ವ್ಯಾಟ್ ಭಾಗಿಸು 24, ಹತ್ತಿರ 42 ಆಂಪಿಯರ್. ಹೀಗೆ ಲೆಕ್ಕ ಹಾಕಿದವರು 50 ಆಂಪಿಯರಿನದ್ದನ್ನೋ 60ರದ್ದನ್ನೋ ತರುತ್ತಾರೆ. ನಿಜದಲ್ಲಿ ಬ್ಯಾಟರಿ ಚಾರ್ಜ್ ಆಗುವುದು 24ರಲ್ಲಲ್ಲ, 26ರಿಂದ 28.8ರ ನಡುವೆ. ಕಾದ ಪ್ಯಾನಲ್ 335 ಕೊಡುವುದೂ ಇಲ್ಲ. ಡಿಗ್ರಿಗೆ ಶೇಕಡಾ 0.4ರಂತೆ, ಸೆಲ್ 60 ಡಿಗ್ರಿಯಲ್ಲಿದ್ದರೆ ಶೇಕಡಾ 14 ಕಡಿಮೆ, 288 ವ್ಯಾಟ್. ಮೂರಕ್ಕೆ 864. ಭಾಗಿಸು 27, ಬರುವುದು 32 ಆಂಪಿಯರ್. ಬ್ಯಾಟರಿ ಪೂರಾ ಇಳಿದಿರುವ ದಿನ, ಮಧ್ಯಾಹ್ನದ ಹೊತ್ತಿಗೆ ಮಳೆ ಬಿಟ್ಟು ಥಟ್ಟನೆ ಬಿಸಿಲು ಬಿದ್ದರೆ ಮಾತ್ರ 40 ಮುಟ್ಟಬಹುದು, ಅದೂ ನಿಮಿಷಗಳ ಮಾತು.

ಹಾಗಾದರೆ 35 ಸಾಕಲ್ಲ ಎನ್ನಬಹುದು. ಸಾಕು, ಆದರೆ ಕಾವನ್ನು ಮರೆಯಬಾರದು. ಕಂಟ್ರೋಲರಿನ ಅಂಕೆ ಸಾಮಾನ್ಯವಾಗಿ ಸುತ್ತಲಿನ ಗಾಳಿ 40 ಡಿಗ್ರಿ ಇರುವ ತನಕ. ಅದರ ಮೇಲೆ ತಾನೇ ಕರೆಂಟ್ ಇಳಿಸುತ್ತದೆ. ಹಳೆಯ ಕಂಟ್ರೋಲರ್ ಇದ್ದದ್ದು ಶೀಟಿನ ಕೆಳಗಿನ ಅಟ್ಟದಲ್ಲಿ. ಅಲ್ಲಿ ಏಪ್ರಿಲಿನ ಮಧ್ಯಾಹ್ನ 2ಕ್ಕೆ ಥರ್ಮಾಮೀಟರ್ ಇಟ್ಟರೆ 47 ತೋರಿಸಿತು. ಅದೇ ಹೊತ್ತಿಗೆ ಕೆಳಗಿನ ಕೋಣೆಯ ಬಡಗಣ ಗೋಡೆಯ ಹತ್ತಿರ 34. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ 10 ಡಿಗ್ರಿ ಏರಿದರೆ ಅರ್ಧಕ್ಕೆ ಬರುತ್ತದೆ. ಅಟ್ಟದಿಂದ ಕೆಳಗಿಳಿಸುವುದು ದುಬಾರಿ ಕಂಟ್ರೋಲರ್ ಕೊಳ್ಳುವುದಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ. ಹೀಗೆ 32ರ ಅಗತ್ಯಕ್ಕೆ ಕಾಲುಭಾಗ ಕಾವಿಗೆಂದು ಬಿಟ್ಟು 150 ವೋಲ್ಟ್, 40 ಆಂಪಿಯರಿನ ಎಂಪಿಪಿಟಿಗೆ ಬಂದು ನಿಂತೆವು. ಇದೇ ಪ್ಯಾನಲ್‌ಗಳು 12 ವೋಲ್ಟಿನ ಒಂಟಿ ಬ್ಯಾಟರಿಗಾದರೆ ಕರೆಂಟ್ ಇಮ್ಮಡಿ, 64 ಆಂಪಿಯರ್. 40ರದ್ದು ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಹಿಡಿದೀತು.

ಇನ್ನೊಂದು ಮಿತಿ ಬ್ಯಾಟರಿಯದ್ದು. ಟ್ಯೂಬ್ಯುಲರಿಗೆ ಅದರ ಎಎಚ್‌ನ ಶೇಕಡಾ 10 ಉತ್ತಮ, 20 ಗರಿಷ್ಠ. 150ಕ್ಕೆ 15ರಿಂದ 30 ಆಂಪಿಯರ್. ಅದರ ಮೇಲೆ ತಳ್ಳಿದರೆ ಕುದಿದು ನೀರು ಆರುತ್ತದೆ, ಪ್ಲೇಟಿನ ಹುಡಿ ಉದುರುತ್ತದೆ. ಹಾಗಾಗಿ ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಗರಿಷ್ಠ ಚಾರ್ಜಿಂಗ್ ಕರೆಂಟನ್ನು 30ಕ್ಕೆ ಕಟ್ಟಿದೆವು. ಹಗಲಲ್ಲಿ ಇನ್ವರ್ಟರ್ 5 ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಅದು ಹೋಗಿ ಬ್ಯಾಟರಿಗೆ 25. ಈ ಸೆಟ್ಟಿಂಗ್ ಇಲ್ಲದ ಕಂಟ್ರೋಲರನ್ನು ದೊಡ್ಡ ಪ್ಯಾನಲ್, ಸಣ್ಣ ಬ್ಯಾಟರಿ ಇರುವಲ್ಲಿ ಕೊಳ್ಳಲೇಬಾರದು.

40 ಆಂಪಿಯರಿನ ಪಿಡಬ್ಲ್ಯುಎಂ ಸಾಕಿತ್ತೇ? ಪ್ರಾಮಾಣಿಕವಾಗಿ ಹೇಳಬೇಕಾದರೆ, ಪ್ಯಾನಲ್ ಹತ್ತಿರದಲ್ಲಿದ್ದರೆ ಸಾಕಿತ್ತು. 72 ಸೆಲ್ಲಿನ ಪ್ಯಾನಲ್ 24 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯುಎಂನಲ್ಲೂ ಚೆನ್ನಾಗಿ ಹೊಂದುತ್ತದೆ. ನಮ್ಮ ಕಾವಿನ ಊರಿನಲ್ಲಿ ವಿಎಂಪಿ ಇಳಿದು ಬ್ಯಾಟರಿಯ ವೋಲ್ಟಿನ ಹತ್ತಿರ ಬರುವುದರಿಂದ ಎಂಪಿಪಿಟಿಯ ಲಾಭ ಶೇಕಡಾ 15, 20ಕ್ಕೇ ನಿಲ್ಲುತ್ತದೆ, ಜಾಹೀರಾತಿನ 30 ಬರುವುದಿಲ್ಲ. ಆದರೆ ಇಲ್ಲಿ 18 ಮೀಟರ್ ದೂರ ಇತ್ತು, ಮಳೆಗಾಲದಲ್ಲಿ ಆ ಶೇಕಡಾ 15 ಬೆಲೆಬಾಳುತ್ತಿತ್ತು. ಅದೇ ಪ್ಯಾನಲನ್ನು 12 ವೋಲ್ಟ್ ಬ್ಯಾಟರಿಗೆ ಪಿಡಬ್ಲ್ಯುಎಂ ಮೂಲಕ ಕೊಡುವುದು ಮಾತ್ರ ಶುದ್ಧ ಹಾಳು: 8.9 ಆಂಪಿಯರ್ ಗುಣಿಸು 13 ವೋಲ್ಟ್, 335ರಲ್ಲಿ 116 ವ್ಯಾಟ್.

ಕೊಳ್ಳುವಾಗ ಎಂಪಿಪಿಟಿ ಎಂದು ಬರೆದ ಪಿಡಬ್ಲ್ಯುಎಂಗಳ ಬಗ್ಗೆ ಎಚ್ಚರ ಬೇಕು. ನಿಜವಾದದ್ದರ ಒಳಗೆ ದೊಡ್ಡ ತಾಮ್ರದ ಸುರುಳಿ, ಹಿಂದೆ ದಪ್ಪ ಅಲ್ಯುಮಿನಿಯಂ ಇರುತ್ತದೆ, ಕೈಗೆ ಭಾರ. 60 ಆಂಪಿಯರ್ ಎಂದು ಬರೆದು ಅರ್ಧ ಕಿಲೋ ಕೂಡ ತೂಗದಿದ್ದರೆ, ಪ್ಯಾನಲ್ ವೋಲ್ಟಿನ ಮಿತಿ 50 ಎಂದಿದ್ದರೆ, ಅದು ಎಂಪಿಪಿಟಿ ಅಲ್ಲ. ಜೋಡಿಸಿದ ಮೇಲೂ ಪರೀಕ್ಷೆ ಸುಲಭ. ಬ್ಯಾಟರಿ ಇನ್ನೂ ತುಂಬದಿರುವಾಗ ಪ್ಯಾನಲ್ ಕಡೆಯ ಆಂಪಿಯರ್ ಮತ್ತು ಬ್ಯಾಟರಿ ಕಡೆಯ ಆಂಪಿಯರ್ ಕ್ಲ್ಯಾಂಪ್ ಮೀಟರಿನಲ್ಲಿ ನೋಡಬೇಕು. ಎರಡೂ ಒಂದೇ ಇದ್ದರೆ ಮೋಸ ಹೋದಂತೆ.

ಜೋಡಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಸಣ್ಣ ಸಂಗತಿಗಳಿಗೆ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಹಾಗಾಗಿ 10 ಮಿ.ಮೀ. ಸಿಮೆಂಟ್ ಬೋರ್ಡನ್ನು ಗೋಡೆಯಿಂದ ಒಂದು ಇಂಚು ಬಿಟ್ಟು ಕಟ್ಟಿ, ಅದರ ಮೇಲೆ ಕಂಟ್ರೋಲರನ್ನು ನೇರ ನಿಲ್ಲಿಸಿದೆವು. ಮೇಲೆ ಕೆಳಗೆ 15 ಸೆಂಟಿಮೀಟರ್ ಖಾಲಿ. ಬ್ಯಾಟರಿಯ ನೇರ ಮೇಲೆ ಬೇಡ, ಆ್ಯಸಿಡಿನ ಹಬೆ ತಾಗುತ್ತದೆ. ಕೇಬಲ್‌ಗಳು ಕೆಳಗಿನಿಂದಲೇ ಬರಬೇಕು, ಬರುವ ಮೊದಲು ಒಂದು ಕೊಕ್ಕೆಯಂತೆ ಬಾಗಿ, ನೀರು ಅಲ್ಲೇ ತೊಟ್ಟಿಕ್ಕಬೇಕು. ತೂತುಗಳನ್ನು ಸೀಲ್ ಮಾಡದಿದ್ದರೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಹೊಕ್ಕು ಶಾರ್ಟ್ ಮಾಡುತ್ತದೆ. ನಮ್ಮ ಕಡೆ ಸುಟ್ಟ ಕಂಟ್ರೋಲರ್ ಬಿಚ್ಚಿದಾಗ ಇವೆರಡರ ಗುರುತು ಎಷ್ಟೋ ಸಲ ಕಾಣುತ್ತದೆ.

ಕಂಟ್ರೋಲರಿನಿಂದ ಬ್ಯಾಟರಿಗೆ ಒಂದೂವರೆ ಮೀಟರ್, 16 ಚದರ ಮಿ.ಮೀ. ತಾಮ್ರ, ಬ್ಯಾಟರಿ ತುದಿಯಲ್ಲಿ 50 ಆಂಪಿಯರ್ ಡಿಸಿ ಫ್ಯೂಸ್. ಇಲ್ಲಿ 6 ಚದರ ಮಿ.ಮೀ. ಹಾಕಿದರೆ ಉರಿಯದಿರಬಹುದು, ಆದರೆ 40 ಆಂಪಿಯರಿಗೆ 0.4 ವೋಲ್ಟ್ ಬೀಳುತ್ತದೆ. ಬ್ಯಾಟರಿ 28.4ರಲ್ಲಿರುವಾಗಲೇ ಕಂಟ್ರೋಲರ್ 28.8 ಆಯಿತೆಂದು ತಿಳಿದು ಕರೆಂಟ್ ಇಳಿಸತೊಡಗುತ್ತದೆ. ಪ್ಯಾನಲ್ ಕಡೆ ಎರಡು ಪೋಲಿನ ಡಿಸಿ ಎಂಸಿಬಿ, 250 ವೋಲ್ಟಿನದ್ದು. ಮನೆಯ ಎಸಿ ಎಂಸಿಬಿ ಸಲ್ಲದು. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, 140 ವೋಲ್ಟ್ ಡಿಸಿಯ ಕಿಡಿ ಆರದೆ ಎಂಸಿಬಿಯನ್ನೇ ಕರಗಿಸುತ್ತದೆ. ಕೆಲವು ಡಿಸಿ ಎಂಸಿಬಿಗಳಿಗೆ ಪ್ಲಸ್ ಮೈನಸ್ ದಿಕ್ಕು ಇರುತ್ತದೆ, ತಿರುಗಿ ಕೊಟ್ಟರೆ ಅದೂ ಅಷ್ಟೇ.

ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಇಡುವಾಗ ದೊಡ್ಡ ಅಂಕೆ ಒಳ್ಳೆಯದೆಂಬ ಭಾವನೆ ತಪ್ಪು. 1000 ವೋಲ್ಟಿನ ಪ್ರೊಟೆಕ್ಟರ್ ಎಚ್ಚರಗೊಳ್ಳುವ ಹೊತ್ತಿಗೆ 150 ವೋಲ್ಟಿನ ಕಂಟ್ರೋಲರ್ ಉಳಿದಿರುವುದಿಲ್ಲ. ನಮ್ಮ 141.7ಕ್ಕಿಂತ ಮೇಲೆ, ಸಿಗುವುದರಲ್ಲಿ ಕಡಿಮೆ ವೋಲ್ಟಿನದ್ದನ್ನು ಆರಿಸಬೇಕು. ಮುರದ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ, ಹಾಗಾಗಿ ಗುಂಡಿಯನ್ನು ಗುಡ್ಡದ ಬದಿ ತೆಗೆಯದೆ ತೋಟದ ತೇವದ ಅಂಚಿಗೆ ಒಯ್ದೆವು. ಪ್ಯಾನಲಿನ ಫ್ರೇಮ್, ಪ್ರೊಟೆಕ್ಟರ್, ಇನ್ವರ್ಟರ್ ಮೂರೂ ಅದೊಂದಕ್ಕೇ. ಇಷ್ಟಾದರೂ ಏಪ್ರಿಲ್, ಮೇ, ಅಕ್ಟೋಬರಿನ ಸಂಜೆಯ ಗುಡುಗಿಗೆ ಪ್ಯಾನಲ್ ಎಂಸಿಬಿ ಇಳಿಸುವ ಅಭ್ಯಾಸ ಬೇಕು.

ಕಂಟ್ರೋಲರಿಗೆ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಡಿಸುವಾಗ ಮೊದಲು ಪ್ಯಾನಲ್. ಕಂಟ್ರೋಲರ್ ಬ್ಯಾಟರಿಯನ್ನು ನೋಡಿ 12ವೋ 24ವೋ ಎಂದು ತಿಳಿಯುತ್ತದೆ. ಅದು ಸರಿಯಾಗಿ ತಿಳಿದಿದೆಯೇ ಎಂದು ನೋಡಿ ಕೈಯಾರೆ 24ಕ್ಕೆ ಕಟ್ಟಿದೆವು. ಅಬ್ಸಾರ್ಪ್ಷನ್ (ತುಂಬುವ ಹಂತ) 28.8, ಫ್ಲೋಟ್ (ತುಂಬಿದ ಮೇಲೆ ಹಾಗೇ ಹಿಡಿದಿಡುವ ಹಂತ) 27.2. ಉಷ್ಣತೆಯ ಸೆನ್ಸರನ್ನು ಬ್ಯಾಟರಿಯ ಮೈಗೆ ಅಂಟಿಸಿದೆವು. ಬ್ಯಾಟರಿ 35 ಡಿಗ್ರಿ ಇದ್ದರೆ ಅದು ತಾನಾಗಿ ಅರ್ಧ ವೋಲ್ಟ್ ಇಳಿಸುತ್ತದೆ, ನೀರು ಉಳಿಯುತ್ತದೆ. ಇನ್ವರ್ಟರನ್ನು ಕಂಟ್ರೋಲರಿನ ಲೋಡ್ ಟರ್ಮಿನಲಿಗೆ ಕೊಡಬಾರದು, ನೇರ ಬ್ಯಾಟರಿಗೆ. ಮುಂದೆ ಲಿಥಿಯಂ ಹಾಕುವವರು ಈಕ್ವಲೈಸ್ ಮತ್ತು ಉಷ್ಣತೆಯ ತಿದ್ದುಪಡಿ ಎರಡನ್ನೂ ನಿಲ್ಲಿಸಬೇಕು.

ಮೊದಲ ದಿನ ಬೆಳಿಗ್ಗೆ 11.30ಕ್ಕೆ ಪ್ಯಾನಲ್ ಕಡೆ 96 ವೋಲ್ಟ್, 7.6 ಆಂಪಿಯರ್, 730 ವ್ಯಾಟ್. ಬ್ಯಾಟರಿ ಕಡೆ 27.1 ವೋಲ್ಟ್, 26.1 ಆಂಪಿಯರ್, 707 ವ್ಯಾಟ್. ಶೇಕಡಾ 97ರಷ್ಟು ಬ್ಯಾಟರಿಗೆ ತಲುಪುತ್ತಿದೆ. ಹಟ್ಟಿಯ ತುದಿಯಲ್ಲಿ ಅಳೆದರೆ 97.4 ವೋಲ್ಟ್, ದಾರಿಯಲ್ಲಿ ಹೋದದ್ದು 1.4, ಲೆಕ್ಕಕ್ಕೆ ಸರಿ. ಆದರೆ ಎರಡನೆಯ ದಿನ ಹತ್ತು ಗಂಟೆಗೇ ಕಂಟ್ರೋಲರ್ ಫ್ಲೋಟಿಗೆ ಹೋಗಿ 3 ಆಂಪಿಯರಿಗೆ ನಿಂತಿತು. ಕಂಟ್ರೋಲರಿನ ದೋಷವಲ್ಲ. ರಾತ್ರಿಯಿಡೀ ಇನ್ವರ್ಟರಿನೊಳಗಿನ ಚಾರ್ಜರ್ ಲೈನ್ ಕರೆಂಟಿನಿಂದ ಬ್ಯಾಟರಿ ತುಂಬಿಟ್ಟಿತ್ತು, ಸೂರ್ಯನಿಗೆ ಜಾಗವೇ ಇರಲಿಲ್ಲ. ಸಾಮಾನ್ಯ ಇನ್ವರ್ಟರಿಗೆ ಹೊರಗಿನಿಂದ ಸೋಲಾರ್ ಸೇರಿಸುವ ಎಲ್ಲ ಮನೆಯಲ್ಲೂ ಇದು ಆಗುತ್ತದೆ, ಬಿಲ್ ಇಳಿಯಲಿಲ್ಲವೆಂಬ ದೂರು ಬರುತ್ತದೆ. ಇನ್ವರ್ಟರಿಗೆ ಹೋಗುವ ಲೈನನ್ನು ಬೆಳಿಗ್ಗೆ 8ರಿಂದ ರಾತ್ರಿ 11ರ ವರೆಗೆ ಕಡಿಯುವ ಟೈಮರ್ ಮತ್ತು ಬ್ಯಾಟರಿ 24 ವೋಲ್ಟಿಗೆ ಇಳಿದರೆ ಲೈನನ್ನು ವಾಪಸ್ ಕೊಡುವ ವೋಲ್ಟೇಜ್ ರಿಲೇ ಹಾಕಿದೆವು. ರಾತ್ರಿ 11ರ ಮೇಲೆ ಫ್ಯಾನ್ ಲೈನಿನಲ್ಲೇ ಓಡಲಿ ಎಂದು, ಚಾರ್ಜರಿನ ಕರೆಂಟನ್ನು ಇನ್ವರ್ಟರಿನ ಅತಿ ಕಡಿಮೆ ಸೆಟ್ಟಿಂಗಿಗೆ ಇಳಿಸಿದೆವು. ಜೂನಿನಿಂದ ಆಗಸ್ಟ್ ವರೆಗೆ ಟೈಮರ್ ಬೈಪಾಸ್.

ಒಂದು ವಾರ ಬಿಟ್ಟು ಎಲ್ಲ ತಿರುಪುಗಳನ್ನು ಮತ್ತೆ ಬಿಗಿದೆವು. ಬ್ಯಾಟರಿ ಕಡೆಯ ಎರಡೂ ಅರ್ಧ ಸುತ್ತು ತಿರುಗಿದವು. ನೂಲುನೂಲಾದ ತಾಮ್ರ ಒತ್ತಡಕ್ಕೆ ಹೊಂದಿಕೊಂಡು ಸಡಿಲವಾಗುತ್ತದೆ, ಹಳೆಯದರ ಟರ್ಮಿನಲ್ ಕರಗಲು ಇದೂ ಜೊತೆಯಾಗಿತ್ತು. ಈ ಸಲ ತುದಿಗಳಿಗೆ ಫೆರೂಲ್, ಅಂದರೆ ನೂಲುಗಳನ್ನು ಒಟ್ಟಿಗೆ ಹಿಡಿಯುವ ಸಣ್ಣ ಲೋಹದ ಕೊಳವೆ, ಒತ್ತಿ ಹಾಕಿದ್ದೇವೆ. ಮಧ್ಯಾಹ್ನ 30 ಆಂಪಿಯರ್ ಹರಿಯುವಾಗ ಟರ್ಮಿನಲಿನ ಪಕ್ಕ ಬೆರಳಿಟ್ಟರೆ ಉಗುರು ಬೆಚ್ಚಗಿನ ಬಿಸಿ, ಅಷ್ಟೇ.